ಹೊಳೆ ಪಕ್ಕ ಕ್ಯಾಂಪಿಂಗ್: ಟೆಂಟ್ ಬುಕ್ ಮಾಡೋಕ್ ಮುಂಚೆ ಜಾಗ ಹೆಂಗ್ ಆರಿಸ್ಬೇಕು, ಬೆಂಗಳೂರಿನವ್ರಿಗೆ ಫುಲ್ ಗೈಡ್

ದಸರಾ ರಜ ಹತ್ರ ಬಂತು ಅಂದ್ರೆ ಎಲ್ಲಾ ಆಫೀಸ್ ಗ್ರೂಪಲ್ಲೂ ಅದೇ ಫೋಟೋ ಓಡಾಡತ್ತೆ, ಹಸಿರು ಕಾಡು, ಮಧ್ಯದಲ್ಲಿ ಹೊಳೆ, ನೀರಿಗೆ ಅಂಟ್ಕೊಂಡ ಹಾಗೆ ಸಾಲಾಗಿ ಟೆಂಟು, ಕೆಳಗೆ ಒಂದು ರೇಟು. ಎಲ್ರೂ ಹಾರ್ಟ್ ಒತ್ತಿ ಯಾರೋ ಒಬ್ರು ಅಡ್ವಾನ್ಸ್ ಹಾಕ್ಬಿಡ್ತಾರೆ. ಆ ಫೋಟೋದಲ್ಲಿ ನೀರು ಕಾಣತ್ತೆ, ಆದ್ರೆ ಆ ನೀರು ಎಲ್ಲಿಂದ ಬರ್ತಿದೆ, ಯಾರು ಬಿಡ್ತಿದಾರೆ, ರಾತ್ರಿ ಎಷ್ಟು ಏರತ್ತೆ ಅನ್ನೋದು ಕಾಣಲ್ಲ. ನನ್ನ ಕೇಳಿದ್ರೆ ಕ್ಯಾಂಪ್ ಆರಿಸೋವಾಗ ಮೊದ್ಲು ನದಿ, ಆಮೇಲೆ ಸೀಸನ್ನು, ಆಮೇಲೆ ಜಾಗ ಯಾರದು ಅನ್ನೋದು, ಆಮೇಲೆ ನೆಲ, ಟೆಂಟು ಹೆಂಗಿದೆ ಅನ್ನೋದು ಕಟ್ಟಕಡೆಗೆ. ನಾವು ಉಲ್ಟಾ ಮಾಡ್ತೀವಿ.

ಹೆಜ್ಜೆ 1: ನದಿ ಯಾವ ಥರದ್ದು ಅಂತ ತಿಳ್ಕೊಳ್ಳಿ

ನಮ್ಮ ಕಡೆ ಕ್ಯಾಂಪ್ ಹಾಕೋ ನದಿಗಳಲ್ಲಿ ಮೂರು ಥರ ಇದೆ. ಒಂದು, ಮೇಲ್ಗಡೆ ಡ್ಯಾಮ್ ಇರೋ ನದಿ. ಎರಡು, ಡ್ಯಾಮ್ ಇಲ್ದೆ ಮಳೆ ಬಂದ ಹಾಗೆ ಹರಿಯೋ ಹೊಳೆ. ಮೂರನೇದು ನದಿನೇ ಅಲ್ಲ, ಡ್ಯಾಮಿನ ಹಿನ್ನೀರು, ಆದ್ರೆ ಜಾಹೀರಾತಲ್ಲಿ ಅದನ್ನೂ ರಿವರ್ ಸೈಡ್ ಅಂತಾನೇ ಹಾಕ್ತಾರೆ.

ಡ್ಯಾಮ್ ಕೆಳಗಿನ ನದಿಗೆ ಕಾಳಿನೇ ಸರಿಯಾದ ಉದಾಹರಣೆ. ದಾಂಡೇಲಿ, ಗಣೇಶಗುಡಿ ಕಡೆ ಇರೋ ಕ್ಯಾಂಪ್‌ಗಳೆಲ್ಲ 101 ಮೀಟರ್ ಎತ್ತರದ ಸೂಪಾ ಡ್ಯಾಮಿನ ಕೆಳಗಡೆ ಬರ್ತವೆ. ಅಲ್ಲಿ ಕರೆಂಟ್ ಉತ್ಪಾದನೆಗೆ ನೀರು ಬಿಟ್ಟಾಗಲೇ ರಾಫ್ಟಿಂಗು. ಅಂದ್ರೆ ಬೆಳಿಗ್ಗೆ ಬಂಡೆ ಬಂಡೆ ದಾಟ್ಕೊಂಡು ನದಿ ಮಧ್ಯಕ್ಕೆ ಹೋಗಿ ಕೂತ್ಕೊಂಡು ಫೋಟೋ ತೆಗಿಸ್ಕೊಂಡ ಜಾಗ ಮಧ್ಯಾಹ್ನದ ಹೊತ್ತಿಗೆ ಮುಳುಗಿರ್ಬಹುದು, ಆಕಾಶದಲ್ಲಿ ಒಂದು ಮೋಡನೂ ಇಲ್ದೆ. ಮಳೆ ಬರ್ತಿಲ್ವಲ್ಲ, ನೀರು ಯಾಕ್ ಏರತ್ತೆ ಅನ್ನೋ ಲೆಕ್ಕ ಇಲ್ಲಿ ನಡಿಯಲ್ಲ. ಇಂಥ ಕಡೆ ಕ್ಯಾಂಪಿನವ್ರನ್ನ ಕೇಳ್ಬೇಕಾದ್ದು ಒಂದೇ, ನೀರು ಬಿಡೋದು ನಿಮ್ಗೆ ಹೆಂಗ್ ಗೊತ್ತಾಗತ್ತೆ? ಸೈರನ್ ಕೇಳ್ಸತ್ತಾ, ಯಾರಾದ್ರೂ ಫೋನ್ ಮಾಡ್ತಾರಾ? ಹೆಹೆ ಸಾರ್ ಏನೂ ಆಗಲ್ಲ ಅಂದ್ರೆ ಮುಂದಿನ ಕ್ಯಾಂಪ್ ನೋಡ್ಕೊಳ್ಳಿ.

ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆ ಕಡೆಯ ಕಾವೇರಿನೂ ಇದೇ ಜಾತಿ. ಮೇಲ್ಗಡೆ ಕೆಆರ್‌ಎಸ್ ಇದೆ, ಕಬಿನಿ ಡ್ಯಾಮ್ ಇದೆ. ಕೆಆರ್‌ಎಸ್ 124.80 ಅಡಿ ತುಂಬ್ತು ಅಂತ ಟಿವಿಲಿ ಬಾಗಿನದ ಸುದ್ದಿ ಬಂದ್ರೆ ನಾವು ಖುಷಿಪಡ್ತೀವಿ, ಆದ್ರೆ ತುಂಬಿದ ಮೇಲೆ ಬರೋ ನೀರನ್ನೆಲ್ಲ ಕೆಳಗೆ ಬಿಡ್ಲೇಬೇಕಲ್ಲ, ಆ ವಾರ ಕೆಳಗಡೆ ದಂಡೆಲಿ ಟೆಂಟ್ ಹಾಕೋ ಮಾತೇ ಬೇಡ. ಇನ್ನೊಂದು ವಿಷ್ಯ, ಸಂಗಮದ ಹತ್ರ ಕಾವೇರಿಗೆ ಅರ್ಕಾವತಿ ಸೇರತ್ತೆ, ಅರ್ಕಾವತಿ ಒಳಗೆ ನಮ್ಮ ವೃಷಭಾವತಿ ನೀರೂ ಇರತ್ತೆ, ಅಂದ್ರೆ ಮೈಸೂರ್ ರೋಡ್ ಪಕ್ಕ ಮೂಗು ಮುಚ್ಕೊಂಡು ದಾಟ್ತೀವಲ್ಲ ಅದೇ. ಭೀಮೇಶ್ವರಿ ಅದಕ್ಕಿಂತ ಮೇಲ್ಗಡೆ ಇದೆ, ಪರವಾಗಿಲ್ಲ. ಸಂಗಮದಿಂದ ಕೆಳಗೆ ಮುಳುಗು ಹಾಕೋಕೆ ನಂಗಂತೂ ಮನಸ್ಸು ಬರಲ್ಲ.

ಡ್ಯಾಮ್ ಇಲ್ದಿರೋ ಹೊಳೆ ಅಂದ್ರೆ ಹೆಬ್ರಿ ಹತ್ರದ ಸೀತಾನದಿ, ಕೊಡಗಿನ ಬರಪೊಳೆ, ಕುದುರೆಮುಖದ ಕಡೆ ಇನ್ನೂ ಚಿಕ್ಕದಾಗಿ ಹರಿಯೋ ಭದ್ರಾ. ಇವು ನೋಡೋಕೆ ಪಾಪದವು. ಆದ್ರೆ ಘಟ್ಟದ ಮೇಲೆ ಎರಡು ಗಂಟೆ ಜಡಿಮಳೆ ಬಿದ್ರೆ ಕೆಳಗಡೆ ಬಿಸಿಲಿರೋವಾಗಲೇ ಹೊಳೆ ಬಂದ್ಬಿಡತ್ತೆ.

ಹಿನ್ನೀರಿನ ಕಥೆ ಬೇರೆ. ಲಿಂಗನಮಕ್ಕಿ, ಭದ್ರಾ, ಸೂಪಾ, ಕಬಿನಿ ಹಿನ್ನೀರಲ್ಲಿ ನವೆಂಬರ್‌ನಲ್ಲಿ ತೆಗೆದ ಫೋಟೋ ನೋಡಿ ಏಪ್ರಿಲ್‌ಗೆ ಬುಕ್ ಮಾಡಿದ್ರೆ ಟೆಂಟಿಂದ ನೀರಿಗೆ ಕೆಸರಲ್ಲಿ ದೂರ ನಡಿಬೇಕಾಗತ್ತೆ. ಫೋಟೋ ಯಾವ ತಿಂಗಳದ್ದು ಅಂತ ಕೇಳಿ.

ಹೆಜ್ಜೆ 2: ಸೀಸನ್

ಬೆಂಗಳೂರಲ್ಲಿ ವರ್ಷ ಪೂರ್ತಿ ಬೀಳೋ ಮಳೆ ಸರಾಸರಿ ಒಂದು ಸಾವಿರ ಮಿಲಿಮೀಟರ್ ಆಸುಪಾಸು. ಆಗುಂಬೆಲಿ ಏಳು ಸಾವಿರದ ಮೇಲೆ, ಅದ್ರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯತ್ತೆ. ಹಾಗಾಗಿ ಈ ನಾಲ್ಕು ತಿಂಗಳು ಹೊಳೆ ದಂಡೆ ಟೆಂಟ್ ಬೇಡ್ವೇ ಬೇಡ. ಮಳೆಗಾಲದ ಮಲೆನಾಡೇ ನೋಡ್ಬೇಕು ಅಂದ್ರೆ ಗುಡ್ಡದ ಮೇಲಿರೋ ಹೋಂಸ್ಟೇಲಿ ಹಂಚಿನ ಮನೆ ಜಗಲಿಲಿ ಕೂತು ನೋಡಿ, ಅದ್ರ ಮಜಾನೇ ಬೇರೆ. ಬರಪೊಳೆ, ಸೀತಾನದಿ ರಾಫ್ಟಿಂಗ್ ನಡಿಯೋದೇ ಮಳೆಗಾಲದಲ್ಲಿ, ಅದಕ್ಕೆ ಹೋಗೋವ್ರು ರಾಫ್ಟಿಂಗ್ ಮುಗಿಸಿ ಮಲಗೋಕೆ ಎತ್ತರದ ಜಾಗ ನೋಡ್ಕೊಳ್ಳಿ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೇ ಟೈಮು. ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಮಿಂಚು ಇರತ್ತೆ, ಸಿಡಿಲು ಅಂತಾನೇ ಕೆಎಸ್‌ಎನ್‌ಡಿಎಂಸಿಯವ್ರ (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಆಪ್ ಇದೆ, ದಾಮಿನಿ ಅಂತ ಇನ್ನೊಂದಿದೆ, ಎರಡ್ರಲ್ಲಿ ಒಂದು ಹಾಕ್ಕೊಂಡಿರಿ. ಮಾರ್ಚ್ ಆದ್ಮೇಲೆ ಕಾಳ್ಗಿಚ್ಚಿನ ಸೀಸನ್ನು, ಅರಣ್ಯ ಇಲಾಖೆ ಟ್ರೆಕ್ಕಿಂಗ್ ನಿಲ್ಲಿಸೋದುಂಟು, ಕ್ಯಾಂಪ್ ಫೈರ್ ಬಗ್ಗೆ ಆಸೆ ಇಟ್ಕೊಳ್ಬೇಡಿ.

ಹವಾಮಾನ ಇಲಾಖೆಯ ಆರೆಂಜ್, ರೆಡ್ ಅಲರ್ಟ್ ನೋಡೋದು ಎಲ್ರಿಗೂ ಗೊತ್ತು, ಆದ್ರೆ ಹೆಚ್ಚಿನವ್ರು ತಪ್ಪು ಜಿಲ್ಲೆ ನೋಡ್ತಾರೆ. ನಿಮ್ಮ ಕ್ಯಾಂಪ್ ಇರೋ ಜಿಲ್ಲೆ ಜೊತೆಗೆ ನೀರು ಬರೋ ಜಿಲ್ಲೆ ನೋಡಿ. ಭೀಮೇಶ್ವರಿ ಮಂಡ್ಯ ಜಿಲ್ಲೆ, ಅಲ್ಲಿ ಒಂದು ಹನಿ ಬೀಳ್ದೇ ಇರ್ಬಹುದು, ನೀವು ನೋಡ್ಬೇಕಾದ್ದು ಕೊಡಗು ಮತ್ತೆ ಕೇರಳದ ವಯನಾಡು, ಯಾಕಂದ್ರೆ ಕಬಿನಿ ನೀರು ಬರೋದು ಅಲ್ಲಿಂದ. ಹೆಬ್ರಿಗೆ ಹೋಗೋವ್ರು ಆಗುಂಬೆ ಕಡೆ ಮಳೆ ನೋಡಿ.

ಹೆಜ್ಜೆ 3: ಜಾಗ ಯಾರದ್ದು?

ಇದನ್ನ ಯಾರೂ ಕೇಳಲ್ಲ. ಘಟ್ಟದ ಒಳ್ಳೊಳ್ಳೇ ಹೊಳೆ ದಂಡೆಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಸೋಮೇಶ್ವರ ಅಭಯಾರಣ್ಯ, ಕಾವೇರಿ ಅಭಯಾರಣ್ಯ ಇಂಥವುಗಳ ಒಳಗೋ ಅಂಚಿಗೋ ಇರ್ತವೆ. ಇಂಥ ಕಾಡೊಳಗೆ ಪರ್ಮಿಷನ್ ಇಲ್ದೆ ಕಾಲಿಡೋದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ಟೆಂಟ್ ಹಾಕೋದು ಇನ್ನೂ ದೂರದ ಮಾತು. ಯಾರೋ ಲೋಕಲ್ ಹುಡುಗ ಬನ್ನಿ ಸಾರ್ ಸೀಕ್ರೆಟ್ ಜಾಗ ತೋರಿಸ್ತೀನಿ ಅಂತ ಕರ್ಕೊಂಡು ಹೋದ್ರೆ ಫಾರೆಸ್ಟ್‌ನೋರು ಬಂದಾಗ ಅವ್ನು ಇರಲ್ಲ, ಕೇಸ್ ಆಗೋದು ನಿಮ್ಮ ಮೇಲೆ.

ಸೇಫ್ ದಾರಿ ಎರಡಿದೆ. ಒಂದು ಸರ್ಕಾರಿ ಕ್ಯಾಂಪು. ಜಂಗಲ್ ಲಾಡ್ಜಸ್ 1980ರಲ್ಲಿ ಶುರುವಾದ ರಾಜ್ಯ ಸರ್ಕಾರದ ಸಂಸ್ಥೆ, ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ, ದಾಂಡೇಲಿಯ ಕಾಳಿ ಅಡ್ವೆಂಚರ್ ಕ್ಯಾಂಪು, ಹೆಬ್ರಿ ಹತ್ರ ಸೀತಾನದಿ, ಕುದುರೆಮುಖದಲ್ಲಿ ಭಗವತಿ, ಹೀಗೆ ಅವ್ರು ನಡೆಸಿರೋ ನದಿ ಪಕ್ಕದ ಕ್ಯಾಂಪ್‌ಗಳು ಸುಮಾರಿವೆ. ಯಾವ್ದು ಈಗ ಬುಕಿಂಗ್ ತಗೋತಿದೆ ಅಂತ ಅವ್ರ ವೆಬ್‌ಸೈಟಲ್ಲೇ ನೋಡಿ. ರೇಟು ಸ್ವಲ್ಪ ಕೈ ಕಚ್ಚತ್ತೆ ಅಂತ ಎಲ್ರೂ ಗೊಣಗ್ತಾರೆ, ನಾನೂ ಗೊಣಗಿದೀನಿ, ಆದ್ರೆ ಊಟ ತಿಂಡಿ ಸೇರಿರತ್ತೆ, ಕಾಡು ಗೊತ್ತಿರೋ ಜನ ಜೊತೆಗಿರ್ತಾರೆ, ಪರ್ಮಿಷನ್ ತಲೆನೋವಿಲ್ಲ. ಇನ್ನೊಂದು, ಕಾಫಿ ಎಸ್ಟೇಟು ಅಥವಾ ಅಡಿಕೆ ತೋಟದ ಒಳಗಿರೋ ಖಾಸಗಿ ಕ್ಯಾಂಪು. ಅಲ್ಲಿ ಮುಲಾಜಿಲ್ದೆ ಕೇಳಿ, ಪಟ್ಟಾ ಜಮೀನಾ, ಹೋಂಸ್ಟೇ ರಿಜಿಸ್ಟ್ರೇಷನ್ ಇದ್ಯಾ ಅಂತ. ಇರೋವ್ರು ಬೇಜಾರಿಲ್ದೆ ಕಳಿಸ್ತಾರೆ.

ಹೆಜ್ಜೆ 4: ಮನೇಲೇ ಕೂತು ಮ್ಯಾಪ್ ನೋಡಿ

ಲೊಕೇಶನ್ ಪಿನ್ ತರಿಸ್ಕೊಂಡು ಸ್ಯಾಟಲೈಟ್ ವ್ಯೂ ಹಾಕಿ. ನದಿ ತಿರುವಿನ ಒಳಮಗ್ಗುಲಲ್ಲಿ ಚಪ್ಪಟೆಯಾಗಿ ಬೆಳ್ಳಗೆ ಮರಳು ಕಂಡ್ರೆ ಅದು ನದಿನೇ ತಂದು ಹಾಕಿದ್ದು, ಅಂದ್ರೆ ಮುಂದಿನ ನೆರೆಲಿ ಮತ್ತೆ ತಗೊಂಡು ಹೋಗೋದೂ ನದಿನೇ. ಹೊರಮಗ್ಗುಲಲ್ಲಿ ದಂಡೆ ಕಡಿದಾಗಿದ್ರೆ ಅಲ್ಲಿ ಮಣ್ಣು ಕುಸಿತಿರತ್ತೆ. ಎರಡು ಗುಡ್ಡದ ನಡುವೆ ನದಿ ಇರುಕಾಗಿರೋ ಕಡೆ ನೀರು ಏರೋದು ಬೇಗ. ನಡುಗಡ್ಡೆ ಮೇಲೆ ಕ್ಯಾಂಪ್ ಅಂದ್ರೆ ಪುಕ್ಸಟ್ಟೆ ಕೊಟ್ರೂ ಬೇಡ.

ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ನೋಡೋ ಆಯ್ಕೆ ಇದೆ, ಅದ್ರಲ್ಲಿ ಬೇರೆ ಬೇರೆ ತಿಂಗಳದ್ದು ತಿರುಗಿಸಿ ನೋಡಿ. ಟೆಂಟ್ ಇರೋ ಜಾಗ ಯಾವ್ದಾದ್ರೂ ಒಂದು ಚಿತ್ರದಲ್ಲಾದ್ರೂ ನೀರೊಳಗಿದ್ರೆ ಅಲ್ಲಿಗೆ ಮುಗೀತು. ಹತ್ತು ನಿಮಿಷದ ಕೆಲ್ಸ ಇದು, ಆದ್ರೂ ಯಾರೂ ಮಾಡಲ್ಲ, ಟೆಂಟ್ ಒಳಗೆ ಫೇರಿ ಲೈಟ್ ಇದ್ಯಾ ಅಂತ ಮಾತ್ರ ಝೂಮ್ ಮಾಡಿ ನೋಡ್ತಾರೆ.

ಹೆಜ್ಜೆ 5: ಫೋನ್ ಮಾಡಿ, ಚಾಟ್ ಸಾಕಾಗಲ್ಲ

ಬುಕಿಂಗ್ ಆಫೀಸಿನ ನಂಬರ್ ಬೆಂಗಳೂರಲ್ಲೇ ಇರತ್ತೆ, ಅಲ್ಲಿ ಕೂತಿರೋವ್ರಿಗೆ ಹೊಳೆ ಬಗ್ಗೆ ಏನೂ ಗೊತ್ತಿರಲ್ಲ. ಕ್ಯಾಂಪಲ್ಲೇ ಇರೋ ಮೇಲ್ವಿಚಾರಕರ ನಂಬರ್ ಇಸ್ಕೊಳ್ಳಿ. ಮಾತು ಹೆಂಗೆ ತಗೊಂಡು ಹೋಗ್ಬೇಕು ಅಂತ ಒಂದು ಸ್ಯಾಂಪಲ್ ಹಾಕ್ತೀನಿ:

"ಅಣ್ಣಾ, ಟೆಂಟಿಂದ ಹೊಳೆಗೆ ಎಷ್ಟು ದೂರ ಆಗತ್ತೆ?"

"ಪಕ್ಕದಲ್ಲೇ ಸಾರ್, ಜಿಪ್ ತೆಗೆದ್ರೆ ನೀರು."

"ಹೌದಾ, ಮಳೆಗಾಲದಲ್ಲೂ ಟೆಂಟ್ ಅಲ್ಲೇ ಇರತ್ತಾ?"

"ಇಲ್ಲ ಸಾರ್, ಜೂನಲ್ಲಿ ಎಲ್ಲ ಎತ್ತಿ ಮೇಲೆ ಶೆಡ್ ಹತ್ರ ಹಾಕ್ತೀವಿ. ಕೆಳಗೆ ನೀರು ಬರತ್ತಲ್ಲ."

"ಶೆಡ್ ಹತ್ರ ಯಾವತ್ತಾದ್ರೂ ನೀರು ಬಂದಿದ್ಯಾ?"

"ಅಲ್ಲಿಗೆ ಬರಲ್ಲ ಸಾರ್, ನಮ್ಮ ಅಜ್ಜನ ಕಾಲದಲ್ಲೂ ಬಂದಿಲ್ಲ."

"ಹಂಗಾದ್ರೆ ನಮ್ಗೆ ಶೆಡ್ ಹತ್ರನೇ ಹಾಕ್ಕೊಡಿ ಅಣ್ಣಾ."

ನೋಡಿ, ನೆರೆ ಎಲ್ಲಿವರೆಗೆ ಬರತ್ತೆ ಅಂತ ನೇರವಾಗಿ ಕೇಳಿದ್ರೆ ಯಾರೂ ಹೇಳಲ್ಲ, ಬಿಸಿನೆಸ್ ಹೋಗತ್ತೆ ಅಂತ ಭಯ. ಮಳೆಗಾಲದಲ್ಲಿ ಟೆಂಟ್ ಎಲ್ಲಿ ಹಾಕ್ತೀರ ಅಂದ್ರೆ ಅವ್ರೇ ಬಾಯಿಬಿಡ್ತಾರೆ. ಜೊತೆಗೆ ಇದನ್ನೂ ಕೇಳ್ಬಿಡಿ, ರಾತ್ರಿ ಕ್ಯಾಂಪಲ್ಲಿ ಯಾರು ಮಲಗ್ತಾರೆ, ಗಾಡಿ ಇರತ್ತಾ, ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗತ್ತೆ, ಹತ್ರದ ತಾಲೂಕು ಆಸ್ಪತ್ರೆ ಎಷ್ಟು ಹೊತ್ತಿನ ದಾರಿ. ಕೊನೇ ಪ್ರಶ್ನೆಗೆ ತಡವರಿಸಿದ್ರೆ ನಂಗೆ ಅನುಮಾನ ಶುರುವಾಗತ್ತೆ.

ಹೆಜ್ಜೆ 6: ಹೋದ್ಮೇಲೆ ನೆಲ ಓದೋದು

ಬ್ಯಾಗ್ ಇಳಿಸೋಕ್ ಮುಂಚೆ ಒಂದು ರೌಂಡ್ ಹಾಕಿ. ಮೊದ್ಲು ದಂಡೆ ಮೇಲಿನ ಮರಗಳ ಕೊಂಬೆ ನೋಡಿ. ಒಣಹುಲ್ಲು, ಬಿದಿರಿನ ಚೂರು, ಪ್ಲಾಸ್ಟಿಕ್ ಕವರು, ಹರಿದ ಬಟ್ಟೆ ಇವೆಲ್ಲ ಉಂಡೆಯಾಗಿ ಕವಲಿಗೆ ಸುತ್ಕೊಂಡಿರತ್ತೆ, ಎಲ್ಲಾ ಹರಿವಿನ ಕಡೆಗೇ ಬಾಚಿದ ಹಾಗೆ. ಯಾರೋ ಅಲ್ಲಿ ಹತ್ತಿ ಕಟ್ಟಿದ್ದಲ್ಲ ಅದು, ನೀರು ಅಷ್ಟು ಎತ್ತರ ಬಂದಿತ್ತು ಅಂತ ಅರ್ಥ. ಅದು ನಿಮ್ಮ ತಲೆಗಿಂತ ಮೇಲಿದ್ರೆ ನೀವು ನಿಂತಿರೋದು ನದಿ ಒಳಗೆ, ಸದ್ಯಕ್ಕೆ ಒಣಗಿದೆ ಅಷ್ಟೇ. ಬಂಡೆ ಮೇಲೂ ಗೆರೆ ಕಾಣತ್ತೆ, ಕೆಳಗೆ ತೊಳೆದ ಹಾಗೆ ನುಣ್ಣಗೆ, ಮೇಲೆ ಪಾಚಿ ಕಪ್ಪಗೆ. ಟೆಂಟು ಆ ಗೆರೆಗಿಂತ ಮೇಲೆ, ನೀರಿಂದ ಕಮ್ಮಿ ಅಂದ್ರೂ 60 ಮೀಟರ್ ದೂರ ಇರ್ಲಿ. ಸದ್ದು ಅಲ್ಲಿಗೂ ಚೆನ್ನಾಗೇ ಕೇಳ್ಸತ್ತೆ, ಇನ್ ಫ್ಯಾಕ್ಟ್ ತೀರಾ ಪಕ್ಕದಲ್ಲಿ ಮಲಗಿದ್ರೆ ರಾತ್ರಿ ಪೂರ್ತಿ ಆ ಭೋರ್ಗರೆತಕ್ಕೆ ನಿದ್ದೆ ಬರಲ್ಲ, ಪಕ್ಕದವ್ರು ಕೂಗಿದ್ರೂ ಕೇಳಲ್ಲ.

ಆಮೇಲೆ ತಲೆ ಎತ್ತಿ ನೋಡಿ. ಟೆಂಟ್ ಮೇಲೆ ಒಣಗಿದ ಕೊಂಬೆ ಇರ್ಬಾರ್ದು, ತೆಂಗಿನ ಮರ ಇರ್ಬಾರ್ದು. ಬಿದಿರು ಮೆಳೆ ಪಕ್ಕ ನೆರಳು ಚೆನ್ನಾಗಿರತ್ತೆ, ಆದ್ರೆ ಆನೆಗೆ ಬಿದಿರು ಅಂದ್ರೆ ಪ್ರಾಣ. ಕಾಡಿಂದ ಹೊಳೆಗೆ ಇಳಿಯೋ ಸವೆದ ದಾರಿ ಕಂಡ್ರೆ, ಲದ್ದಿ ಕಂಡ್ರೆ, ಅದು ನೀರು ಕುಡಿಯೋಕೆ ಬರೋ ಪ್ರಾಣಿಗಳ ರೋಡು, ಅದಕ್ಕೆ ಅಡ್ಡ ಟೆಂಟ್ ಹಾಕ್ಬೇಡಿ. ಎಲೆಗಳನ್ನ ಹೊಲಿದು ಮಾಡಿದ ಚೆಂಡಿನಂಥ ಗೂಡು ಕಂಡ್ರೆ ಚಗಳಿ ಇರುವೆ, ಮಲೆನಾಡಿನವ್ರು ಅದ್ರ ಚಟ್ನಿ ಮಾಡ್ಕೊಂಡು ತಿಂತಾರೆ, ರುಚಿನೂ ಇರತ್ತೆ, ಆದ್ರೆ ಟೆಂಟಿಗೆ ಬಿದ್ರೆ ಅವು ನಮ್ಮನ್ನ ತಿಂತವೆ.

ಚಳಿಗಾಲದಲ್ಲಿ ಇನ್ನೊಂದು. ರಾತ್ರಿ ತಣ್ಣನೆ ಗಾಳಿ ಗುಡ್ಡದಿಂದ ಇಳಿದು ತಗ್ಗಲ್ಲಿ ಬೋಗುಣಿಲಿ ನೀರು ನಿಂತ ಹಾಗೆ ನಿಂತ್ಬಿಡತ್ತೆ, ಮಂಜು ಬಿದ್ದು ಟೆಂಟ್ ಒಳಗೂ ಒದ್ದೆ. ಹೊಳೆಯಿಂದ ಒಂದು ಮೆಟ್ಟಿಲು ಮೇಲಿರೋ ಸಮತಟ್ಟು ಜಾಗದಲ್ಲಿ ಬೆಚ್ಚಗೂ ಇರತ್ತೆ, ಒಣಗೂ ಇರತ್ತೆ. ಸ್ವಲ್ಪ ಇಳಿಜಾರಿದ್ರೆ ಒಳ್ಳೇದೇ, ಮಳೆ ಬಂದ್ರೆ ನೀರು ಹರ್ಕೊಂಡು ಹೋಗತ್ತೆ, ತಲೆ ಮೇಲ್ಗಡೆ ಹಾಕಿ ಮಲ್ಗಿ. ಸಂಜೆ ಬೆಳಕಿರೋವಾಗಲೇ ರಾತ್ರಿ ಎದ್ದು ಮೇಲೆ ಹತ್ತೋ ದಾರಿ ಒಂದ್ಸಲ ನಡೆದು ನೋಡಿ. ತಿಳಿ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗೋದು, ಎಲೆ ಕಡ್ಡಿ ತೇಲಿ ಬರೋದು, ಸದ್ದು ಬದಲಾಗೋದು, ಇದ್ರಲ್ಲಿ ಯಾವ್ದು ಕಂಡ್ರೂ ಸಾಮಾನು ಬಿಟ್ಟು ಮೇಲೆ ಹತ್ತಿ.

ಹೆಜ್ಜೆ 7: ನೀರಿಗಿಳಿಯೋ ಜಾಗ

ನಿಲ್ಲೋಕೆ ಒಳ್ಳೇ ಜಾಗ ಅಂದ್ರೆ ಈಜೋಕೂ ಒಳ್ಳೇ ಜಾಗ ಅಂತಲ್ಲ. ದಾಂಡೇಲಿ ಊರಿನ ಹತ್ರ ಕಾಳಿಲಿ ಮೊಸಳೆ ಇದೆ, ಕಾವೇರಿಲೂ ಇದೆ. ಮೇಕೆದಾಟು, ಸಂಗಮ, ಮುತ್ತತ್ತಿಲಿ ಮೇಲೆ ಸುಮ್ನೆ ಹರಿತಿರೋ ಹಾಗೆ ಕಾಣತ್ತೆ, ಒಳಗೆ ಸುಳಿ. ಬೆಂಗಳೂರಿಂದ ಹೋದ ಹುಡುಗ್ರು ಮುಳುಗಿದ ಸುದ್ದಿ ವರ್ಷವರ್ಷ ಓದ್ತಾನೇ ಇರ್ತೀವಿ. ಕ್ಯಾಂಪಿನವ್ರು ತೋರಿಸಿದ ಕಡೆ, ಲೈಫ್ ಜಾಕೆಟ್ ಹಾಕ್ಕೊಂಡು, ಗುಂಡು ಹಾಕ್ದೆ. ಈಜು ಬರೋವ್ರಿಗೂ ಇದೇ ಮಾತು, ಬಸವನಗುಡಿ ಪೂಲಲ್ಲಿ ಕಲಿತ ಈಜು ಬಂಡೆ ನಡುವೆ ನುಗ್ಗೋ ನೀರಲ್ಲಿ ಕೆಲ್ಸಕ್ಕೆ ಬರಲ್ಲ.

ಹೆಜ್ಜೆ 8: ಟಾಯ್ಲೆಟ್ಟು, ಗಲಾಟೆ, ಹುಳ ಹುಪ್ಪಟೆ

ಎಷ್ಟು ಜನಕ್ಕೆ ಎಷ್ಟು ಟಾಯ್ಲೆಟ್ ಅಂತ ಕೇಳಿ, ಒಳಗಿಂದ ಚಿಲಕ ಸರಿಯಿದ್ಯಾ, ಟೆಂಟಿಂದ ಅಲ್ಲಿವರೆಗೆ ಲೈಟ್ ಇದ್ಯಾ ಅಂತ ಫೋಟೋ ತರಿಸ್ಕೊಳ್ಳಿ, ಅಮ್ಮ ಅಕ್ಕ ತಂಗೀರು ಜೊತೆಗಿದ್ರೆ ಇದು ವ್ಯೂಗಿಂತ ಮುಖ್ಯ. ಟಾಯ್ಲೆಟ್ ನೀರು ಸೀದಾ ಹೊಳೆಗೆ ಬಿಡೋ ಕ್ಯಾಂಪ್‌ಗಳೂ ಇವೆ, ಪೈಪ್ ಎಲ್ಲಿಗೆ ಹೋಗತ್ತೆ ಅಂತ ಹೋದ ತಕ್ಷಣ ನೋಡ್ಕೊಳ್ಳಿ, ಅದೇ ಹೊಳೇಲಿ ನೀವು ಬೆಳಿಗ್ಗೆ ಮುಖ ತೊಳಿಯೋದು.

ಡಿಜೆ ನೈಟು, ರೈನ್ ಡ್ಯಾನ್ಸು ಅಂತ ಪ್ಯಾಕೇಜಲ್ಲಿ ಬರೆದಿದ್ರೆ ಅಲ್ಲಿ ಹೊಳೆ ಸದ್ದು ಕೇಳೋ ಆಸೆ ಬಿಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕು ಹಾಕೋ ಹಾಗಿಲ್ಲ ಅಂತ ನಿಯಮ ಇದೆ, ಕಾಡಲ್ಲಿ ಕೇಳೋರ್ಯಾರು. ಅಷ್ಟು ದೂರ ಹೋಗಿ ಕೋರಮಂಗಲ ಪಬ್ಬಿನ ಹಾಡೇ ಕೇಳೋ ಹಾಗಿದ್ರೆ ಪೆಟ್ರೋಲ್ ದುಡ್ಡು ಉಳಿಸ್ಬಹುದಿತ್ತು.

ಮಳೆ ಮುಗಿದ ಹೊಸತರಲ್ಲಿ ಇಂಬಳ, ಅಂದ್ರೆ ಜಿಗಣೆ, ಇರತ್ತೆ, ಉಪ್ಪೋ ಸುಣ್ಣವೋ ಮುಟ್ಟಿಸಿದ್ರೆ ಬಿಡತ್ತೆ, ಭಯ ಪಡೋಂಥದ್ದಲ್ಲ. ಸೀರಿಯಸ್ ಆಗಿ ತಗೋಬೇಕಾದ್ದು ಉಣುಗು, ಮೈಗೆ ಕಚ್ಕೊಂಡು ರಕ್ತ ಹೀರೋ ಚಿಕ್ಕ ಹುಳ. ಮಂಗನ ಕಾಯಿಲೆ ಮೊದ್ಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಉಣುಗು ಕಚ್ಚಿ ಹರಡತ್ತೆ. ಡಿಸೆಂಬರ್‌ನಿಂದ ಮೇವರೆಗೆ ಜೋರು, ಅಂದ್ರೆ ನಮ್ಮ ಕ್ಯಾಂಪಿಂಗ್ ಸೀಸನ್ನೇ. ತೀರ್ಥಹಳ್ಳಿ, ಸಾಗರ, ಸಿದ್ದಾಪುರ ಕಡೆ ಬುಕ್ ಮಾಡೋವ್ರು ಆ ವರ್ಷ ಕೇಸ್ ಬಂದಿದ್ಯಾ ಅಂತ ಸುದ್ದಿ ನೋಡಿ, ಬಂದಿದ್ರೆ ಬೇರೆ ಊರು. ಕಾಡಂಚಿನ ಜನಕ್ಕೆ ಆರೋಗ್ಯ ಇಲಾಖೆ ಉಣುಗು ಹತ್ರ ಬರದ ಹಾಗೆ ಹಚ್ಕೊಳ್ಳೋ ಡೆಪಾ ಎಣ್ಣೆ ಕೊಡತ್ತೆ, ಕ್ಯಾಂಪಿನವ್ರ ಹತ್ರ ಇರ್ಬಹುದು, ಕೇಳಿ ಹಚ್ಕೊಳ್ಳಿ. ತರಗೆಲೆ ಮೇಲೆ ಸುಮ್ನೆ ಕೂರೋದು ಬೇಡ, ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ವಾಪಸ್ ಬಂದ್ಮೇಲೆ ಜ್ವರ ಬಂದ್ರೆ ಡಾಕ್ಟರ್‌ಗೆ ಎಲ್ಲಿ ಹೋಗಿದ್ರಿ ಅಂತ ಹೇಳಿ. ಹಾವು ಕಚ್ಚಿದ್ರೆ ಕುಯ್ಯೋದು ಕಟ್ಟೋದು ಮಾಡ್ದೆ ಸೀದಾ ಆಸ್ಪತ್ರೆ, ಅದಕ್ಕೇ ಆ ತಾಲೂಕು ಆಸ್ಪತ್ರೆ ಪ್ರಶ್ನೆ ಕೇಳಿದ್ದು.

ಹೆಜ್ಜೆ 9: ದೂರ, ದಾರಿ, ದುಡ್ಡು

ಒಂದೇ ರಾತ್ರಿಗೆ ಅಂದ್ರೆ ಭೀಮೇಶ್ವರಿ ಕಡೆನೇ ಸರಿ, ಸುಮಾರು 100 ಕಿಲೋಮೀಟರು. ದಾಂಡೇಲಿ 450ರ ಮೇಲೆ, ಎರಡು ರಾತ್ರಿ ಇಲ್ದೆ ಹೋದ್ರೆ ಬರೀ ಬಸ್ಸಲ್ಲಿ ಕೂತಿದ್ದೇ ನೆನಪಿರತ್ತೆ. ಹೆಬ್ರಿ, ಕುದುರೆಮುಖಕ್ಕೂ ಎರಡು ರಾತ್ರಿ ಇಟ್ಕೊಳ್ಳಿ, ಮೊದ್ಲ ಸಲ ಮಕ್ಕಳ್ನ ಕರ್ಕೊಂಡು ಹೋಗೋವ್ರಿಗೆ ನಾನು ಹೇಳೋದು ಭಗವತಿ ಥರದ ಕಡೆ, ಚಳಿಗಾಲದಲ್ಲಿ. ಎಲ್ಲಿಗೇ ಹೋದ್ರೂ ನಾಲ್ಕು ಗಂಟೆ ಒಳಗೆ ತಲುಪಿ, ಕತ್ತಲಲ್ಲಿ ಮೇಲೆ ಹೇಳಿದ್ದು ಒಂದೂ ಕಾಣಲ್ಲ. ಕೊನೇ ಮೂರ್ನಾಲ್ಕು ಕಿಲೋಮೀಟರ್ ಜೀಪ್ ರೋಡಾ ಅಂತ ಕೇಳ್ಕೊಳ್ಳಿ, ಆಗಿದ್ರೆ ಜೀಪ್ ಚಾರ್ಜ್ ರೇಟಲ್ಲಿ ಸೇರಿದ್ಯಾ ಅಂತಾನೂ. ವಯನಾಡು ಕಡೆ ಹೋಗೋವ್ರು ಬಂಡೀಪುರದ ರೋಡು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಇರತ್ತೆ ಅನ್ನೋದು ಮರಿಬೇಡಿ. ಆಫ್‌ಲೈನ್ ಮ್ಯಾಪ್ ಮೊದ್ಲೇ ಇಳಿಸ್ಕೊಂಡಿರಿ.

ದುಡ್ಡಿನ ವಿಷ್ಯದಲ್ಲಿ ಪೂರ್ತಿ ಅಡ್ವಾನ್ಸ್ ಕೇಳೋವ್ರ ಹತ್ರ ಹುಷಾರು. ರೆಡ್ ಅಲರ್ಟ್ ಬಂದ್ರೆ, ಡ್ಯಾಮಿಂದ ನೀರು ಬಿಟ್ರೆ, ಘಾಟಿ ಬಂದ್ ಆದ್ರೆ ದುಡ್ಡು ವಾಪಸ್ಸಾ ಅಥವಾ ಡೇಟ್ ಚೇಂಜಾ ಅಂತ ಕೇಳಿ. ಫೋನಲ್ಲಿ ಎಲ್ರೂ ಆಯ್ತು ಸಾರ್ ಅಂತಾನೇ ಅನ್ನೋದು. ಅದನ್ನೇ ವಾಟ್ಸಾಪಲ್ಲಿ ಬರೆದು ಕಳಿಸೋಕೆ ಹೇಳಿ, ಮೆಸೇಜ್ ಬಂದ್ಮೇಲೆ ಅರ್ಧ ದುಡ್ಡು ಹಾಕಿ, ಉಳಿದಿದ್ದು ಟೆಂಟ್ ಎಲ್ಲಿ ಹಾಕಿದಾರೆ ಅಂತ ಕಣ್ಣಲ್ಲಿ ನೋಡಿದ ಮೇಲೆ.